ನೀರಿನ ಡ್ಯೂಟಿ

ಪೊಲೀಸ್ ಠಾಣೆಗೆ ಸಾಹೇಬರು ಬರುತ್ತಾರೆ, ಹೋಗುತ್ತಾರೆ. ರೈಟರ್ ಮಾತ್ರ ಗೋಡೆಗೆ ಹೊಡೆದ ಮೊಳೆ. ಯಾರಿಗೆ ಬಂದೋಬಸ್ತು, ಯಾರಿಗೆ ಕೋರ್ಟು, ಯಾರಿಗೆ ವಾರದ ರಜೆ ಎಂದು ಡ್ಯೂಟಿ ಪುಸ್ತಕದಲ್ಲಿ ಬರೆಯುವವನು ಅವನೇ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲ್ಲೂಕುಗಳಲ್ಲಿ ನಾನು ಮಾಡಿದ್ದು ಬಹುತೇಕ ಅದೇ ಕೆಲಸ. ನಿವೃತ್ತನಾಗಿ ಮೂರು ವರ್ಷವಾದರೂ ಬೆಳಿಗ್ಗೆ ಎಂಟು ಗಂಟೆಗೆ ಕಾಲುಗಳು ತಾವಾಗಿಯೇ ಅಂಗಳಕ್ಕೆ ಹೋಗುತ್ತವೆ. ಅಲ್ಲಿ ಹಾಜರಿ ಹೇಳುವವರು ಯಾರೂ ಇಲ್ಲ, ಹೆಂಡತಿಯ ತುಳಸಿ ಗಿಡವೊಂದು ಅಟೆನ್ಷನ್‌ನಲ್ಲಿ ನಿಂತಿರುತ್ತದೆ.

ಆ ಎಂಟು ಗಂಟೆಯ ಹಾಜರಿ ಎಂದರೆ ನನಗೆ ಈಗಲೂ ಜೀವ. ಬೇವಿನ ಮರದ ಕೆಳಗೆ ಎಲ್ಲರೂ ಸಾಲಾಗಿ ನಿಲ್ಲುತ್ತಿದ್ದರು. ಬೂಟು ನೋಡಿಯೇ ಮನೆಯ ಸಮಾಚಾರ ಹೇಳುತ್ತೇನೆ ಎಂದು ನಾನು ಕೊಚ್ಚಿಕೊಳ್ಳುತ್ತಿದ್ದೆ. ಒಂದಕ್ಕೇ ಪಾಲಿಶ್ ಇದ್ದರೆ ಹೆಂಡತಿಯ ಜೊತೆ ಜಗಳ. ಎರಡೂ ಫಳಫಳ ಹೊಳೆದರೆ ರಜೆ ಕೇಳಲು ಬಂದಿದ್ದಾನೆ. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಒಬ್ಬನ ರೊಟ್ಟಿ, ಒಬ್ಬನ ಶೇಂಗಾ ಹಿಂಡಿ, ಇನ್ನೊಬ್ಬನ ಪುಂಡಿಪಲ್ಯ. ಯಾವುದು ಯಾರ ಮನೆಯ ಅಡುಗೆ ಎಂದು ರುಚಿಯಲ್ಲೇ ಗೊತ್ತಾಗುತ್ತಿತ್ತು.

ನಮ್ಮಲ್ಲಿ ಇನ್ನೊಂದು ಪದ್ಧತಿಯಿತ್ತು. ಅದು ನಾನು ಇಂಡಿಯಲ್ಲಿದ್ದಾಗ ಕಲಿತದ್ದು, ಅಲ್ಲಿ ಲಿಂಬೆಗೇನು ಬರ? ಯಾರಾದರೂ ಹೆಣ ಎತ್ತಿ, ಪಂಚನಾಮೆ ಮುಗಿಸಿ ಬಂದರೆ ಅವನ ಕೈಗೆ ಲಿಂಬೆಹಣ್ಣು ಹಿಂಡಿ ತಿಕ್ಕಿ ತೊಳೆಸುತ್ತಿದ್ದೆವು. ಆಮೇಲೆ ಸಕ್ಕರೆ ಜಾಸ್ತಿ ಹಾಕಿದ ಚಹಾ ಕೊಟ್ಟು, ಅವನು ನಗುವ ತನಕ ಚೇಷ್ಟೆ ಮಾಡುತ್ತಿದ್ದೆವು. ನಕ್ಕನೆಂದರೆ ಮನಸ್ಸು ಹಗುರಾಯಿತೆಂದು ನಮ್ಮ ನಂಬಿಕೆ. ಎಲ್ಲಿಗೆ ವರ್ಗವಾದರೂ ಈ ಪದ್ಧತಿಯನ್ನು ನಾನು ಜೊತೆಗೆ ಒಯ್ದೆ.

ಈಗ ಹೇಳುವುದು ಯಾವ ಠಾಣೆಯ ಮಾತು ಎಂದು ಕೇಳಬೇಡಿ, ಹೇಳುವುದಿಲ್ಲ. ಕೃಷ್ಣೆಯ ಹಿನ್ನೀರು, ಕಾಲುವೆ ಎರಡೂ ನಮ್ಮ ವ್ಯಾಪ್ತಿಗೆ ಬರುತ್ತಿದ್ದವು ಎಂದರೆ ಸಾಕು. ಅಲ್ಲಿಗೆ ಒಬ್ಬ ಹರೆಯದ ಕಾನ್‌ಸ್ಟೆಬಲ್ ಬಂದ. ಕೊಲ್ಹಾರದ ಕಡೆಯವನು, ಹಿನ್ನೀರಿನಲ್ಲಿ ಈಜಾಡಿ ಬೆಳೆದವನು. ಬಂದ ಹದಿನೈದು ದಿನಕ್ಕೆ ಕಾಲುವೆಯಲ್ಲಿ ಯಾರೋ ಮುಳುಗಿದರು. ಮೀನುಗಾರರು ಬರುವ ಮೊದಲೇ ಇವನು ಬೂಟು ಕಳಚಿ ನೀರಿಗೆ ಹಾರಿ, ಹೆಣ ಹುಡುಕಿ ತಂದ. ಸಾಹೇಬರು ಬೆನ್ನು ಚಪ್ಪರಿಸಿದರು. ನಾವು ಲಿಂಬೆ ತಿಕ್ಕಿದೆವು, ಚಹಾ ಕೊಟ್ಟೆವು. ಚೇಷ್ಟೆಗೆ ನಾನು ಬಾಯಿ ತೆರೆಯುವ ಮೊದಲೇ ಅವನು ನಕ್ಕುಬಿಟ್ಟ. ಗಟ್ಟಿ ಆಳು ಎಂದುಕೊಂಡೆ.

ಅಲ್ಲಿಂದ ಮುಂದೆ ಬಾವಿ, ಕಾಲುವೆ, ಹಿನ್ನೀರು, ಎಲ್ಲಿಂದ ಕರೆ ಬಂದರೂ ನನ್ನ ಪೆನ್ನು ತಾನಾಗಿ ಅವನ ಹೆಸರಿಗೆ ಹೋಗುತ್ತಿತ್ತು. ಅವನೂ "ಹೂಂನ್ರಿ ಕಾಕಾ" ಎಂದು ಹೊರಟುಬಿಡುತ್ತಿದ್ದ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂಬ ಗಾದೆ ನನಗೆ ಗೊತ್ತಿತ್ತು. ಗುದ್ದುವವನು ನಾನೇ ಎಂಬುದು ಗೊತ್ತಿರಲಿಲ್ಲ.

ಮೂರನೇ ವರ್ಷ ಅವನ ಕೆಲಸ ಕೆಡತೊಡಗಿತು. ಹಾಜರಿಗೆ ತಡ, ಗಡ್ಡ ಅರ್ಧಂಬರ್ಧ. ಬುತ್ತಿಗೆ ಕರೆದರೆ ಹಸಿವಿಲ್ಲ ಎನ್ನುತ್ತಿದ್ದ. ಸಮನ್ಸ್ ಮುಟ್ಟಿಸುವುದರಲ್ಲಿ ಚುರುಕಾಗಿದ್ದವನು, ಹೊಳೆಯಾಚೆಯ ಊರಿನ ಸಮನ್ಸ್ ಮಾತ್ರ ವಾರಗಟ್ಟಲೆ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದ. ಅಲ್ಲಿಗೆ ಹೋಗಲು ನೀರಿನ ಮೇಲಿನ ಸೇತುವೆ ದಾಟಬೇಕು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಹೊಳೆದದ್ದು ಮೆಮೊ. ಮೆಮೊ ಬರೆಯುವುದರಲ್ಲಿ ನನ್ನದು ಎತ್ತಿದ ಕೈ. "ಕರ್ತವ್ಯದಲ್ಲಿ ಉದಾಸೀನತೆ ಹಾಗೂ ಬೇಜವಾಬ್ದಾರಿತನ ತೋರಿರುವುದು ಕಂಡುಬಂದಿರುತ್ತದೆ" ಎಂದು ಎರಡು ಮೆಮೊ ಜಾಡಿಸಿ, ಸಾಹೇಬರ ರುಜು ಹಾಕಿಸಿದೆ. ಎರಡನ್ನೂ ಅವನು ಮರುಮಾತಿಲ್ಲದೆ ತೆಗೆದುಕೊಂಡ.

ಒಂದು ಮಧ್ಯಾಹ್ನ ಹಿನ್ನೀರಿನಲ್ಲಿ ಒಬ್ಬ ಹೆಣ್ಣುಮಗಳು ಮುಳುಗಿದ್ದಾಳೆಂದು ಸುದ್ದಿ ಬಂತು. ಅವನನ್ನು ಕರೆದುಕೊಂಡು ನಾನೂ ಹೋದೆ. ದಂಡೆಯ ಮೇಲೆ ಸರ್ಕಲ್ ಸಾಹೇಬರೇ ಇದ್ದರು. ಮನೆಯವರು ಎದೆ ಬಡಿದುಕೊಂಡು ಅಳುತ್ತಿದ್ದರು. "ಇಳಿ" ಎಂದರು ಸಾಹೇಬರು. ಅವನು ಬೂಟಿನ ಲೇಸು ಬಿಚ್ಚಲು ಬಗ್ಗಿದ, ಹಾಗೆಯೇ ಕುಳಿತುಬಿಟ್ಟ.

"ಆಗೂದಿಲ್ರಿ ಸಾಹೇಬ್ರ."

ಅಷ್ಟು ಜನರೆದುರು ಅಷ್ಟೇ ಮಾತು. ಹೆಣವನ್ನು ಮೀನುಗಾರರು ತೆಗೆದರು. ಜೀಪು ಹತ್ತುವಾಗ ಸರ್ಕಲ್ ಸಾಹೇಬರು ನನ್ನತ್ತ ತಿರುಗಿ, "ಇವನ ಮ್ಯಾಲಿನ ರಿಪೋರ್ಟ ನಾಳೆ ನನ್ನ ಟೇಬಲ್ ಮ್ಯಾಲ ಇರಬೇಕು" ಎಂದರು. ಮೇಲಧಿಕಾರಿಯ ಆಜ್ಞೆ ಮೀರಿದ್ದು, ಅದಕ್ಕೆ ಮೊದಲೇ ಎರಡು ಮೆಮೊ. ರಿಪೋರ್ಟ್ ಹೋದರೆ ಅಮಾನತು ಖಂಡಿತ, ಆಮೇಲೆ ನೌಕರಿಯೂ ಹೋದೀತು.

ನಮ್ಮ ಠಾಣೆಗೆ ಆಗಷ್ಟೇ ಬಂದಿದ್ದ ಪಿಎಸ್‌ಐ ಹೆಣ್ಣುಮಗಳು, ನನ್ನ ಮಗಳ ವಯಸ್ಸು. ನಾನು ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಂಡು ಹೋದ ರಿಪೋರ್ಟನ್ನು ಓದಿ ಪಕ್ಕಕ್ಕಿಟ್ಟರು.

"ರೈಟರ್ ಸಾಹೇಬ್ರ, ಡ್ಯೂಟಿ ಪುಸ್ತಕ ತಗೊಂಡ ಬರ್ರಿ. ಅಂವ ಬಂದಾಗಿಂದೂ ಬೇಕು."

ನೀರಿನ ಡ್ಯೂಟಿ ಬಂದಲ್ಲೆಲ್ಲ ಅವರು ಪೆನ್ಸಿಲಿನಿಂದ ಗೆರೆ ಎಳೆಯುತ್ತ ಹೋದರು. ಗೆರೆ ಎಳೆದಲ್ಲೆಲ್ಲ ಅದೇ ಒಬ್ಬನ ಹೆಸರು, ಎಲ್ಲವೂ ನನ್ನ ಅಕ್ಷರ.

"ಈಜ ಬರೂದು ಇವಂಗ ಒಬ್ಬಂವಗ ಏನ್ರಿ?"

"ಇನ್ನಿಬ್ಬರಿಗೂ ಬರತೈತ್ರಿ ಮೇಡಮ್ರ."

"ಮತ್ತ?"

"ಅವ್ರು ವಟವಟ ಅಂತಾರ್ರಿ. ಇಂವ ಒಲ್ಲೆ ಅನ್ನೂದಿಲ್ರಿ."

"ಹೆಂಗ ಅದೀಯಪಾ ಅಂತ ಒಮ್ಮೆರ ಕೇಳೀರೇನು?"

ಕೇಳಿರಲಿಲ್ಲ.

ಅಂದು ಸಂಜೆ ಅವನ ಕ್ವಾರ್ಟರ್ಸಿಗೆ ಹೋದೆ. ಅವನು ಗೋಡೆಗೆ ಒರಗಿ ಕುಳಿತಿದ್ದ. ಅವನ ಹೆಂಡತಿ ಚಹಾ ತಂದಿಟ್ಟು ಬಾಗಿಲ ಬಳಿಯೇ ನಿಂತಳು. "ಜಳಕಾ ಮಾಡೂವಾಗ ಬಾಗಲಾ ಹಾಕ್ಕೊಳ್ಳೂದಿಲ್ರಿ ಕಾಕಾರ. ಮಗಳಿಗೆ ದಿನಾ ಇವ್ರ ಜಡಿ ಹಾಕತಿದ್ರು. ಈಗ ಆಕಿ ತಲಿ ಮುಟ್ಟೂದಿಲ್ರಿ." ಅವನು ತನ್ನ ಅಂಗೈ ನೋಡಿಕೊಳ್ಳುತ್ತ ಹೇಳಿದ: "ರಾಡಿ ನೀರಾಗ ಕಣ್ಣ ಕಾಣೂದಿಲ್ರಿ ಕಾಕಾ. ಕೈಲೇ ತಡಕ್ಯಾಡಬೇಕು. ಕೈಗೆ ಮೊದಲ ಸಿಗೂದು ಕೂದಲ." ನಾನು ಅವನೆದುರಿಗೇ ಅತ್ತುಬಿಟ್ಟೆ. ಮೂರು ವರ್ಷ ಲಿಂಬೆಹಣ್ಣು ತಿಕ್ಕಿದ್ದು ಆ ಕೈಗೇ.

ಹೊಸ ರಿಪೋರ್ಟನ್ನು ನಾನೇ ಬರೆದೆ. ಒಬ್ಬನಿಗೇ ಈ ಡ್ಯೂಟಿ ಹಾಕುತ್ತ ಬಂದ ತಪ್ಪು ರೈಟರನದು, ಎರಡು ಮೆಮೊಗಳನ್ನೂ ವಿಚಾರಿಸದೆ ಸಿದ್ಧಪಡಿಸಿದವನೂ ಅವನೇ ಎಂದು ನಮೂದಿಸಿದೆ. ಚಿಕಿತ್ಸೆಗೆ ಕಳಿಸಬೇಕೆಂದು ಮೇಡಂ ತಮ್ಮ ಶಿಫಾರಸು ಸೇರಿಸಿ, ಸರ್ಕಲ್ ಸಾಹೇಬರ ಕೈಯಲ್ಲಿ ಸಾಕಷ್ಟು ಬೈಸಿಕೊಂಡು, ಒಪ್ಪಿಸಿ ಬಂದರು. ಅಮಾನತು ತಪ್ಪಿತು. ಅವನಿಗೆ ಠಾಣೆಯೊಳಗೆ ಕಂಪ್ಯೂಟರ್ ಕೆಲಸ ಕೊಟ್ಟರು. ನನಗೊಂದು ಮೆಮೊ ಬಂತು. ಭಾಷೆ ಬಹಳ ಸಪ್ಪೆಯಾಗಿತ್ತು, ನಾನೇ ಬರೆದಿದ್ದರೆ ಇನ್ನೂ ಖಾರವಾಗಿರುತ್ತಿತ್ತು.

ವಿಜಯಪುರದ ಮನೋವೈದ್ಯರ ಬಳಿ ಹೋಗಲು ಅವನು ಸುತರಾಂ ಒಪ್ಪಲಿಲ್ಲ. "ಹುಚ್ಚರ ಡಾಕ್ಟರ ಕಡೆ ಹೋದ ಅಂತಾರ್ರಿ ಮಂದಿ." ಅದಕ್ಕೊಂದು ಉಪಾಯ ಮಾಡಿದೆ: ನನ್ನ ಬಿ.ಪಿ. ಏರಿದೆ, ಡಾಕ್ಟರಿಗೆ ತೋರಿಸಲು ಜೊತೆಗೊಬ್ಬ ಬೇಕು ಎಂದು ಠಾಣೆಯಲ್ಲಿ ಡಂಗುರ ಸಾರಿದೆ. ಹದಿನೈದು ದಿನಕ್ಕೊಮ್ಮೆ ನಾವಿಬ್ಬರೂ ಸಾದಾ ಬಟ್ಟೆಯಲ್ಲಿ ಕೆಂಪು ಬಸ್ಸು ಹತ್ತುತ್ತಿದ್ದೆವು. ಇತ್ತ ಠಾಣೆಯಲ್ಲಿ ನನ್ನ ಆರೋಗ್ಯದ ಮೇಲೆ ಎಲ್ಲರಿಗೂ ಕಾಳಜಿ ಹುಟ್ಟಿ, ಉಪ್ಪಿನಕಾಯಿ, ಹಿಂಡಿ ನನ್ನ ಮುಂದಿನಿಂದ ಮಾಯವಾದವು. ಎಷ್ಟು ಸಿಟ್ಟು ಬಂದರೂ ಬಾಯಿ ಬಿಡುವಂತಿರಲಿಲ್ಲ.

ಇಡೀ ನೌಕರಿಯಲ್ಲಿ ನನಗೀಗ ಹೆಚ್ಚು ನೆನಪಾಗುವುದು ಆ ಬಸ್ ಪ್ರಯಾಣಗಳೇ. ಕಿಟಕಿಯಾಚೆ ತೊಗರಿ ಹೊಲ, ಬಿಳಿಜೋಳದ ಹೊಲ. ಮೊದಮೊದಲು ಹೋಗುವಾಗಲೂ ಮಾತಿಲ್ಲ, ಬರುವಾಗಲೂ ಮಾತಿಲ್ಲ. ನಾಲ್ಕನೇ ಸಲ ಬಸ್‌ಸ್ಟ್ಯಾಂಡಿನಲ್ಲಿ ಅವನೇ ಮಿರ್ಚಿ ಭಜಿ ತಂದು, ಮಾತಾಡುತ್ತ ಮಾತಾಡುತ್ತ ನನ್ನ ಪಾಲಿನದನ್ನೂ ತಿಂದು ಮುಗಿಸಿದ. ಆ ದಿನದಷ್ಟು ಸಂತೋಷ ನನಗೆ ಬಡ್ತಿ ಸಿಕ್ಕ ದಿನವೂ ಆಗಿರಲಿಲ್ಲ.

ಇನ್ನು ಮೂರು ತಿಂಗಳು ಬರಬೇಕಾಗಿಲ್ಲ ಎಂದು ಡಾಕ್ಟರು ಹೇಳಿದ ದಿನ, ಹಿಂತಿರುಗುವ ಬಸ್ಸಿನಲ್ಲಿ, ನಾನು ಎಷ್ಟೋ ದಿನದಿಂದ ನುಂಗಿಕೊಂಡಿದ್ದ ಮಾತನ್ನು ಆಡಿದೆ.

"ತಮ್ಮಾ, ನಂದ ತಪ್ಪಾತು. ಹೆಂಗ ಅದೀ ಅಂತ ನಿನ್ನ ಒಮ್ಮೆರ ಕೇಳಬೇಕಾಗಿತ್ತು."

ಅವನು ಕಿಟಕಿಯಿಂದ ನನ್ನತ್ತ ತಿರುಗಿದ. ದನಿಯಲ್ಲಿ ಸಿಟ್ಟಿರಲಿಲ್ಲ.

"ನೀವು ಕೇಳಿದ್ರೂ ಆರಾಮ ಅದೀನ್ರಿ, ನಾನ ಹೋಗ್ತೇನ್ರಿ ಅಂತಿದ್ದೆ ಕಾಕಾ. ಕೇಳೂದ ಅಲ್ರಿ. ನಾ ಹೋಗ್ತೇನಿ ಅಂದ್ರೂ ನೀವ ನನ್ನ ಹೆಸರ ಹೊಡದ ಹಾಕಬೇಕಾಗಿತ್ತು."