ಅಜ್ಜಿ ಕಟ್ಟಿದ ಮಾಲೆ

ಮೊಮ್ಮಕ್ಕಳೇ, ಸುಮಾ, ವೀರೇಶ, ಮೊನ್ನೆ ಕಡ್ಡಿರಾಂಪುರದಲ್ಲಿ ಬಸ್ಸಿಗೆ ಕಾಯುವಾಗ ಯಾರೋ ಬಾಳೆನಾರನ್ನು ನೀರಿನಲ್ಲಿ ನೆನೆಹಾಕಿದ್ದರು. ಆ ಹಸಿ ವಾಸನೆಗೆ ನನ್ನ ಕಾಲು ಕಟ್ಟಿಹಾಕಿದಂತಾಯಿತು. ಯಾಕೆಂದು ನೀವು ಕೇಳಿದಿರಿ. ಬಾಯಿಬಿಟ್ಟು ಹೇಳಲು ನಾಚಿಕೆ. ನಿಮ್ಮ ತಾತ ಹೋದ ಮೇಲೆ ಮಾತು ಇನ್ನೂ ಕಡಿಮೆಯಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಕಂಪ್ಲಿಯ ನನ್ನ ತವರುಮನೆ ಈಗಿಲ್ಲ. ಆ ಜಾಗದಲ್ಲಿ ಗೊಬ್ಬರದಂಗಡಿಯಿದೆ. ಅಲ್ಲಿನ ಪಡಸಾಲೆಯಲ್ಲಿ ನನ್ನ ಅಪ್ಪನ ತಾಯಿ, ನನ್ನ ಅಜ್ಜಿ, ಕೂತು ಹೂ ಕಟ್ಟುತ್ತಿದ್ದಳು. ವಯಸ್ಸಾದಂತೆ ಅವಳ ಕಣ್ಣಿಗೆ ಬೆಳಕು, ಕತ್ತಲೆಯಷ್ಟೇ ತಿಳಿಯುತ್ತಿತ್ತು. "ನಿಮಗ್ಯಾಕ್ರಿ" ಎನ್ನುತ್ತಲೇ ಮನೆಯವರು ಒಲೆ, ಬಾವಿ, ಕೊಟ್ಟಿಗೆ ಎಲ್ಲ ಬಿಡಿಸಿದ್ದರು. ಉಳಿದದ್ದು ಹೂವೊಂದೇ. ಮಡಿಲಲ್ಲಿ ಮಲ್ಲಿಗೆ ಸುರಿದುಕೊಂಡು, ನೆನೆದ ನಾರನ್ನು ಉಗುರಿನಿಂದ ಸೀಳಿ, ಬೆರಳಲ್ಲೇ ತೊಟ್ಟು ಹುಡುಕಿ ಕಟ್ಟುವಳು. ಮಾಲೆ ಒಯ್ಯಲು ಬಂದ ಅವ್ವನನ್ನು "ಹೆಂಗ ಐತಬೇ?" ಎಂದು ಕೇಳುವಳು. "ಭಾಳ ಚಲೋ ಆಗೇತ್ರಿ ಅತ್ತಿ, ದೇವಿಗೆ ಒಪ್ಪೇತಿ" ಎಂದು ಅವ್ವ ಅಂದ ಮೇಲೆಯೇ ಅಜ್ಜಿ ಉಣ್ಣಲು ಕೂರುತ್ತಿದ್ದಳು. ಆ ಮಾತನ್ನು ನಾನೂ ನಂಬಿದ್ದೆ.

ಒಂದು ಶುಕ್ರವಾರ ಅವ್ವ ಹಿತ್ತಲಲ್ಲಿದ್ದಾಗ ಅಜ್ಜಿ ನನ್ನ ಹೆಗಲು ಹಿಡಿದು ದೇವರ ಕೋಣೆಗೆ ಬಂದಳು. ತನ್ನ ಮಾಲೆಯನ್ನು ದೇವಿಯ ಪಟದ ಮೇಲೆ ಮುಟ್ಟಿ ನೋಡುವ ಆಸೆ. ಮುಟ್ಟಿದ ಬೆರಳು ಅಲ್ಲೇ ನಿಂತವು.

"ಇದು ನೂಲಿನ ದಾರ. ನನ್ನ ನಾರೆಲ್ಲಿ?"

ಅಷ್ಟರಲ್ಲಿ ಅವ್ವ ಒಳಗೆ ಬಂದಳು. "ಹೂವು ಹಿಂದಮುಂದ ಆಗ್ತಾವ್ರಿ ಅತ್ತಿ, ಬಾಡಿದ್ದೂ ಸೇರ್ತಾವ. ನಿಮಗ ಬ್ಯಾಸರ ಆಗಬಾರ್ದಂತ ಹೇಳಲಿಲ್ಲ. ದೇವಿಗೆ ದಿನಾ ಪ್ಯಾಟಿಯಿಂದ ಮಾಲಿ ತರಸ್ತೀನಿ."

"ನಾ ಕಟ್ಟಿದ್ದು?"

"ಎಮ್ಮಿಗೆ ಹಾಕ್ತೀನ್ರಿ."

"ಎಮ್ಮಿ ಪುಣ್ಯವಂತಿ ಬಿಡು, ದಿನಾ ಮಲ್ಲಿಗಿ ಊಟ!" ಅಜ್ಜಿ ನಕ್ಕಳು; ನಗು ಅರ್ಧಕ್ಕೇ ನಿಂತಿತು. "ಹೇಳಿದ್ರ ಬಿಚ್ಚಿ ಮತ್ತ ಕಟ್ಟತಿದ್ದೆನಲ್ಲಬೇ."

ಆಮೇಲೆ ಹೂವಿನ ಪುಟ್ಟಿ ಮುಂದಿಟ್ಟರೂ ಅವಳು ಕೈ ಹಾಕಲಿಲ್ಲ. ಬಡಿಸಿದ ಅನ್ನವನ್ನೂ ಮೂಸಿ, "ಖರೇನ ಇವತ್ತಿಂದೇನು?" ಎಂದು ನನ್ನನ್ನು ಕೇಳುವಳು. ಕಣ್ಣು ಹೋದಾಗಲೂ ಅವಳು ಅಷ್ಟು ಒಂಟಿಯಾಗಿರಲಿಲ್ಲ.

ಈಗ ನನ್ನ ನೋಟದ ನಡುವೆಯೂ ಮಸುಕು ಕೂತಿದೆ. ವಯಸ್ಸಿನದು, ಕನ್ನಡಕಕ್ಕೆ ಬಗ್ಗದು ಎಂದರು ಡಾಕ್ಟರು. ಓರೆಗಣ್ಣಿನಲ್ಲಿ ನೋಡುತ್ತ ಇದನ್ನು ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಸಾಲಿನ ಮೇಲೆ ಸಾಲು ಹತ್ತಿದ್ದರೆ ಹತ್ತಿದೆ ಎಂದೇ ಹೇಳಿ, ಮತ್ತೆ ಬರೆಯುತ್ತೇನೆ. ಅಂದವಾಗಿ ನಕಲು ಮಾಡಿ, ನನ್ನದೇ ಎಂದು ಓದಿ ತೋರಿಸಬೇಡಿ. ಸೊಟ್ಟಗಿದ್ದರೂ ಈ ಹಾಳೆಗಳನ್ನೇ ಜೋಪಾನವಾಗಿ ಇಟ್ಟುಕೊಳ್ಳಿ, ಮಕ್ಕಳೇ.