ಜೋಯಿಡಾ ಶೆಡ್ಡಿನ ಬಾಗಿಲು

ದೆವ್ವ, ಸೂಚನೆ ಎಂದು ಯಾರಾದರೂ ಶುರುಮಾಡಿದರೆ, "ಹೊಟ್ಟೆ ಕೆಟ್ಟಿರಬೇಕು, ಜೀರಿಗೆ ಕಷಾಯ ಕುಡಿಯಿರಿ" ಎಂದು ಗೇಲಿ ಮಾಡುತ್ತಿದ್ದವನು ನಾನು. ಎಂಬತ್ತರ ದಶಕದ ಕೊನೆಯಲ್ಲಿ, ಒಂದು ಮಳೆಗಾಲದ ಮಧ್ಯಾಹ್ನ ಆ ಗೇಲಿ ನಿಂತಿತು. ಹಾಗಾದರೆ ನಂಬಿಕೆ ಬಂತೇ ಎಂದು ಕೇಳಬೇಡಿ, ಅದೂ ಬರಲಿಲ್ಲ.

ಆಗ ನಾನು ದಾಂಡೇಲಿಯ ದೂರವಾಣಿ ಕೇಂದ್ರದಲ್ಲಿದ್ದೆ. ಗಾಜಿನ ಎಳೆಯೊಳಗೆ ಬೆಳಕಾಗಿ ಮಾತು ಸಾಗಿಸುವ ಯಂತ್ರಗಳು ಹೊಸದಾಗಿ ಬಂದಿದ್ದವು. ಕಾಡಿನ ದಾರಿಯಲ್ಲಿ ಅಲ್ಲಲ್ಲಿ ಅವನ್ನಿಟ್ಟ ಒಂದೊಂದು ಶೆಡ್ಡು. ನಮ್ಮ ಕೇಂದ್ರದ ದೀಪಗಳ ಬೋರ್ಡಿಗೆ ಮಿದುಳಿನಂತಿದ್ದ ಪ್ರೊಸೆಸರ್ ಕಾರ್ಡು ಆ ಶೆಡ್ಡುಗಳನ್ನು ಸರದಿಯಂತೆ ವಿಚಾರಿಸುತ್ತಿತ್ತು: ಕರೆಂಟಿದೆಯೇ, ಬಾಗಿಲು ಹಾಕಿದೆಯೇ? ಏನಾದರೂ ಎಡವಟ್ಟಾದರೆ ಕೆಂಪು ದೀಪ ಹತ್ತಿ ಗಂಟೆ ಬಡಿಯುತ್ತಿತ್ತು.

ಅಂದು ಊಟ ಮುಗಿಸಿ ಕೂತಿದ್ದೆ. ಜೋಯಿಡಾ ಶೆಡ್ಡಿನ 'ಬಾಗಿಲು ತೆರೆದಿದೆ' ಎಂಬ ದೀಪ ಹತ್ತಿತು. ಅಯ್ಯೋ, ಆ ಶೆಡ್ಡನ್ನು ಬೋರ್ಡಿಗೆ ಇನ್ನೂ ಜೋಡಿಸಿಯೇ ಇರಲಿಲ್ಲ! ಗುಂಡಿ ಒತ್ತಿದರೂ ಗಂಟೆ ನಿಲ್ಲಲಿಲ್ಲ. ಸಿಟ್ಟು ಬಂದು ಪ್ರೊಸೆಸರ್ ಕಾರ್ಡನ್ನೇ ಕಿತ್ತು ಕೈಯಲ್ಲಿ ಹಿಡಿದೆ. ಬೋರ್ಡೆಲ್ಲ ಕತ್ತಲಾಯಿತು, ಅದೊಂದು ದೀಪ ಮಾತ್ರ ಉರಿಯುತ್ತಲೇ ಇತ್ತು. ಆಗ ನೆನಪಾಯಿತು: ಬೆಳಿಗ್ಗೆ ಆ ಶೆಡ್ಡಿಗೆ ಬಸ್ತ್ಯಾಂವ ಒಬ್ಬನೇ ಹೋಗಿದ್ದ. ಹಳಿಯಾಳ ಕಡೆಯ ಸಿದ್ದಿ, ನಮ್ಮ ಜನರೇಟರ್ ಮೆಕ್ಯಾನಿಕ್ಕು. ಮನೆಯಲ್ಲಿ ತಿಂಗಳ ಕೂಸಿತ್ತು.

ಕೂತಲ್ಲಿ ಕೂರಲಾಗಲಿಲ್ಲ. ಜೀಪು ತೆಗೆಸಿದೆ. ಡ್ರೈವರ್ ಮೌಲಾಸಾಬ ಗೊಣಗಿದ: "ದೀಪಾನ ಕೆಟ್ಟಿರ್ತೈತಿ ಬಿಡ್ರಿ ಸಾಹೇಬ್ರ. ಇಂಥಾ ಮಳ್ಯಾಗ ಯಾಕ ಹೋಗೂದು?"

"ಮಾತಾಡಬ್ಯಾಡ, ಜೋರ ಹೊಡಿ" ಎಂದೆ. ಅಷ್ಟು ಅವಸರ ಯಾಕೆಂದು ನನಗೇ ಗೊತ್ತಿರಲಿಲ್ಲ.

ಹೋಗಿ ನೋಡಿದರೆ ಬಾಗಿಲು ಮುಚ್ಚಿತ್ತು, ಒಳಗಿನಿಂದ ಚಿಲಕ. ಜನರೇಟರ್ ಗುಡುಗುಡು ಓಡುತ್ತಿತ್ತು. ಕೂಗಿದರೆ ಉತ್ತರವಿಲ್ಲ. ಜೀಪಿನ ಸಲಾಕೆಯಿಂದ ಮೀಟಿ ಚಿಲಕ ಮುರಿದೆವು. ಹೊಗೆ ಮುಖಕ್ಕೆ ಬಡಿಯಿತು. ಹೊಸ ಯಂತ್ರಗಳಿಗೆ ಎರಚಲು ತಾಗಬಾರದೆಂದು ಬಾಗಿಲು ಹಾಕಿಕೊಂಡೇ ಜನರೇಟರ್ ಹಚ್ಚಿದ್ದ ಪುಣ್ಯಾತ್ಮ! ನೆಲದ ಮೇಲೆ ಬಿದ್ದವನನ್ನು ಹೊರಗೆ ಮಳೆಗೆ ಎಳೆದು ಹಾಕಿದೆವು. ಉಸಿರಿತ್ತು. ನನಗೆ ಅಳು ಬಂದುಬಿಟ್ಟಿತು. ಮೌಲಾಸಾಬ "ಯಾ ಅಲ್ಲಾ" ಎನ್ನುತ್ತ ಅವನ ಎದೆ ತಿಕ್ಕುತ್ತಿದ್ದ.

ಆಸ್ಪತ್ರೆಯಲ್ಲಿ ಅವನು ಚೇತರಿಸಿಕೊಂಡ. ಇತ್ತ ನಾನು ಬೋರ್ಡು ಬಿಚ್ಚಿ ನೋಡಿದೆ. ಆ ದೀಪದ ಹಿಂದೆ ತಂತಿಯೇ ಇರಲಿಲ್ಲ. ಹೋಗಲಿ, ಯಂತ್ರದ ಮಾತು ಬಿಡಿ. ಇಷ್ಟು ವರ್ಷ ನನ್ನ ನೆಮ್ಮದಿ ಕೆಡಿಸಿದ್ದು ಅದಲ್ಲ. ನೋಡಲು ಹೋದಾಗ ಬಸ್ತ್ಯಾಂವ ನನ್ನನ್ನೇ ದಿಟ್ಟಿಸುತ್ತ ಕೇಳಿದ:

"ಎರಡನೇ ಸಲ ಬಂದು ಉಳಿಸಿದ್ರಿ, ದೇವ್ರು ನಿಮಗ ಚಲೋ ಮಾಡ್ಲಿ. ಆದ್ರ ಸಾಹೇಬ್ರ, ಮೊದಲನೇ ಸಲ ಬಾಗಲಾ ತಗದು ನಿಂತಾಗ ನಾ ಕೈ ಚಾಚಿದ್ನಲ್ಲ, ಸುಮ್ನ ನೋಡಿ ಯಾಕ ಹೊಳ್ಳಿ ಹೋದ್ರಿ?"

ಬಂದದ್ದು ಒಂದೇ ಸಲ ಎಂದು ಆಣೆಯಿಟ್ಟು ಹೇಳಿದೆ. "ಹೋಗ್ಲಿ ಬಿಡ್ರಿ" ಎಂದು ಮುಖ ಆ ಕಡೆ ತಿರುಗಿಸಿದ. ಇಂದಿಗೂ ನಂಬಿಲ್ಲ. ನಾನು ಹೋಗಿರಲಿಲ್ಲ, ಅದು ನನಗೆ ಗೊತ್ತು. ಆದರೆ ಅವನಿಗೆ ಏನೆಂದು ಹೇಳಲಿ? ಬಾಗಿಲು ತೆರೆದಿದೆ ಎಂದು ನಮ್ಮ ಬೋರ್ಡೂ ಹೇಳಿತ್ತಲ್ಲ!