ಕೆಂಪಿನಲ್ಲಿ ಏಳು ದರ್ಜೆ

ನನ್ನ ಸೋದರತ್ತೆಯ ಬಳಿ ಮುನ್ನೂರಕ್ಕೂ ಹೆಚ್ಚು ಹಳೆಯ ಅಮೆರಿಕನ್ ಅಂಚೆಚೀಟಿಗಳಿವೆ. ಎಲ್ಲವೂ ಎರಡು ಸೆಂಟಿನವು, ಎಲ್ಲವೂ ಕೆಂಪು, ಎಲ್ಲದರಲ್ಲೂ ಅದೇ ಅಧ್ಯಕ್ಷನ ಅದೇ ಮುಖ. ಹುಣಸೂರಿನಲ್ಲಿ ಬಹಳ ವರ್ಷ ದುಡಿದ ಅಮೆರಿಕದ ನರ್ಸ್ ಒಬ್ಬರು ಸ್ವದೇಶಕ್ಕೆ ಮರಳುವಾಗ, ತಮ್ಮ ಮುತ್ತಜ್ಜಿಯ ಕಾಗದಗಳಿಂದ ಬಿಡಿಸಿದ ಇವನ್ನು ಮನೆಗೆಲಸ ಮಾಡಿಕೊಟ್ಟ ಅತ್ತೆಗೆ ಬಿಸ್ಕತ್ತಿನ ಡಬ್ಬದಲ್ಲಿ ಹಾಕಿ ಕೊಟ್ಟಿದ್ದರು. ದುಡಿಮೆಗೆ ಪ್ರತಿಯಾಗಿ ಚೀಟಿ ಕೊಡುವುದನ್ನು ನಾನು ಈಗಲೂ ಔದಾರ್ಯವೆಂದು ಕರೆಯುವುದಿಲ್ಲ. ಅತ್ತೆ ಹಾಗೇ ಕರೆಯುತ್ತಾಳೆ.

ಆಮೇಲೆ ಅತ್ತೆ ಕಂಪಲಾಪುರದ ಬಳಿ ಹೊಗೆಸೊಪ್ಪು ವಿಂಗಡಿಸುವ ಕೆಲಸಕ್ಕೆ ಸೇರಿದಳು. ಸೊಪ್ಪು ಒಣಗಿಸುವ ಬ್ಯಾರನ್ನಿನ ಕಾವಿನಲ್ಲಿ ಹದಗೊಂಡ ಎಲೆಗಳನ್ನು ಬಣ್ಣ ನೋಡಿ ದರ್ಜೆವಾರು ಬೇರ್ಪಡಿಸುವ ಈ ಕೆಲಸವನ್ನು ನಮ್ಮ ಕಡೆ ಹೆಂಗಸರೇ ಮಾಡುತ್ತಾರೆ. ಕೂಲಿಪಟ್ಟಿಯಲ್ಲಿ ಅವರು ‘ಆಳು’. ಅವರು ಮಾಡಿಟ್ಟ ರಾಶಿಯನ್ನು ಮುಟ್ಟಿ ತಲೆಯಾಡಿಸುವ ಗಂಡಸು ‘ಪರಿಣತ’. ಈ ಅನ್ಯಾಯದ ವಿರುದ್ಧ ನಾನು ಪಿರಿಯಾಪಟ್ಟಣದಿಂದ ಎಚ್.ಡಿ. ಕೋಟೆಯವರೆಗೆ ಮೈಕು ಹಿಡಿದು ಮಾತನಾಡಿದ್ದೇನೆ. ಅದೇ ಅನ್ಯಾಯಕ್ಕೆ ನಾನೇ ಕೈ ಹಾಕಿದ ದಿನವೊಂದಿದೆ. ಅದನ್ನು ಮುಚ್ಚಿಟ್ಟರೆ ಉಳಿದ ಭಾಷಣಗಳೆಲ್ಲ ಸುಳ್ಳಾಗುತ್ತವೆ.

ಸುಗ್ಗಿಯಿಲ್ಲದ ತಿಂಗಳುಗಳಲ್ಲಿ ಅತ್ತೆ ಆ ಚೀಟಿಗಳನ್ನು ಎಲೆಗಳಂತೆಯೇ ವಿಂಗಡಿಸಿದ್ದಳು. ಬಿಸಿಲು ನೇರ ಬೀಳದ ಬಾಗಿಲ ಬಳಿ, ಹಗಲಿನ ಬೆಳಕಿನಲ್ಲಿ ಮಾತ್ರ. ಒಂದೇ ಕೆಂಪಿನಲ್ಲಿ ಆಕೆಗೆ ಏಳು ದರ್ಜೆ ಕಂಡಿದ್ದವು.

ಅಂಚೆಚೀಟಿಗಳ ಪ್ರದರ್ಶನವೊಂದಕ್ಕೆ ಅರ್ಜಿ ಹಾಕಲು ಮೌಲ್ಯಮಾಪಕರ ಸಹಿ ಬೇಕಿತ್ತು. ಕೆ.ಆರ್. ನಗರದಲ್ಲಿದ್ದ, ಅಂಥ ಸಹಿ ಹಾಕುವ ಅಧಿಕಾರವಿದ್ದ ಹಿರಿಯ ಸಂಗ್ರಾಹಕರೊಬ್ಬರ ಮನೆಗೆ ಅತ್ತೆಯನ್ನು ಕರೆದೊಯ್ದೆ. ಅವರು ನನಗೆ ‘ನೀವು’ ಎಂದರು, ನನಗಿಂತ ಹಿರಿಯಳಾದ ಅತ್ತೆಗೆ ‘ನೀನು’. ಟ್ಯೂಬ್‌ಲೈಟಿನ ಕೆಳಗೆ ಕಣ್ಣಾಡಿಸಿ, ಇವೆಲ್ಲ ಒಂದೇ ಬಗೆಯ ಸಾಮಾನ್ಯ ಚೀಟಿಗಳೆಂದು ಡಬ್ಬವನ್ನು ಹಿಂದಕ್ಕೆ ತಳ್ಳಿದರು.

“ಈ ಬೆಳಕಲ್ಲಿ ಎಲೆ ನೋಡಿದ್ರೆ ನಮ್ಮನ್ನ ಕೆಲ್ಸದಿಂದ ಬುಡುಸ್ತಾರೆ ಕಣ್ರೀ,” ಅಂದಳು ಅತ್ತೆ. “ಬಾಗ್ಲತ್ರ ಬನ್ನಿ.”

ಅವರು ಮನಸ್ಸಿಲ್ಲದೆ ಎದ್ದರು. ಅವರು ತೆರೆದ ಅಂಚೆಚೀಟಿಗಳ ಬೆಲೆಪುಸ್ತಕದಲ್ಲಿ ಅದೇ ಚೀಟಿಯ ಕೆಂಪಿನ ಛಾಯೆಗಳಿಗೆ ಬೇರೆ ಬೇರೆ ಬೆಲೆಯಿತ್ತು. ತಮ್ಮ ಬಳಿಯಿದ್ದ ಮಾದರಿಗಳನ್ನು ಒಂದೊಂದಾಗಿ ಪಕ್ಕಕ್ಕಿಟ್ಟು ನೋಡಿದರು. ಕೊನೆಗೆ, ರಾಶಿಗಳು ಸರಿಯಾಗಿವೆ, ಕಪ್ಪಿಗೆ ತಿರುಗಿದ ಕೆಂಪಿನ ನಾಲ್ಕು ಚೀಟಿಗಳು ನಿಜಕ್ಕೂ ಅಪರೂಪ ಎಂದು ಒಪ್ಪಿಕೊಂಡರು. ನಾನು ಗೆದ್ದೆವೆಂದುಕೊಂಡೆ.

ಅರ್ಜಿಯಲ್ಲಿ ‘ವಿಂಗಡಿಸಿದವರು, ವೃತ್ತಿ’ ಎಂಬ ಸಾಲಿತ್ತು. ಅದನ್ನು ಬೆರಳಿನಿಂದ ತೋರಿಸಿ ಅವರು ನನ್ನತ್ತ ನೋಡಿದರು. “ಇಲ್ಲಿ ನಿಮ್ಮ ಹೆಸರಿರಲಿ. ಸೊಪ್ಪಿನ ಕೂಲಿ ಅಂತ ಬರೆದ್ರೆ ಯಾರು ನಂಬ್ತಾರೆ?”

ನಾನು ಪೆನ್ನಿನ ಮುಚ್ಚಳ ತೆಗೆದೆ. ಚೀಟಿಗಳು ಪ್ರದರ್ಶನ ಸೇರಿದರೆ ಸಾಕು, ಹೋರಾಟ ಆಮೇಲೆ ಎಂದು ನನಗೆ ನಾನೇ ಹೇಳಿಕೊಂಡೆ. ಹೀಗೆ ‘ಆಮೇಲೆ’ ಅನ್ನುವವರನ್ನು ನಾನು ಎಷ್ಟು ಸಭೆಗಳಲ್ಲಿ ಬೈದಿಲ್ಲ!

“ನೋಡಿದ್ದು ನನ್ ಕಣ್ಣು, ಎಸ್ರು ನಿಂದಾ?” ಅತ್ತೆ ದನಿಯೇರಿಸಲಿಲ್ಲ. “ಪೆನ್ನು ಮಡುಗಮ್ಮಿ. ಮೈಕಲ್ಲಿ ಯೋಳೋದೊಂದು, ಮನೇಲಿ ಕುಂತು ಬರಿಯೋದೊಂದಾ?”

ಆ ಸಾಲಿನಲ್ಲಿ ಅತ್ತೆಯ ಹೆಸರನ್ನೂ ‘ಹೊಗೆಸೊಪ್ಪು ದರ್ಜೆಗಾರ್ತಿ’ ಎಂಬುದನ್ನೂ ಬರೆದೆ. ಸಂಗ್ರಾಹಕರು ಸಹಿ ಹಾಕಲಿಲ್ಲ. ಸಹಿಯಿಲ್ಲದೆ ಕಳಿಸಿದ ಅರ್ಜಿ ತಿರಸ್ಕೃತವಾಗಿ ಬಂತು.

ಮುಂದಿನ ಭಾನುವಾರ ಕಂಪಲಾಪುರದ ವಿಂಗಡಣೆಯ ಶೆಡ್ಡಿನಲ್ಲಿ, ಗೋಣಿತಾಟಿನ ಮೇಲೆ ಬಿಳಿ ಹಾಳೆ ಹಾಸಿ ನಾವೇ ಪ್ರದರ್ಶನ ಇಟ್ಟೆವು. ಅತ್ತೆಯ ಹೆಸರನ್ನು ದಪ್ಪಕ್ಷರದಲ್ಲಿ ಬರೆದು ನಿಲ್ಲಿಸಿದೆವು. ಜೊತೆಗೆ ಕೆಲಸ ಮಾಡುವ ಹೆಂಗಸರು ಬಂದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಕುಕ್ಕರಗಾಲಿನಲ್ಲಿ ಕೂತು, ಎಲೆ ನೋಡುವಂತೆಯೇ ಸಾಲು ಸಾಲಾಗಿ ನೋಡುತ್ತ ಬಂದರು. ಒಬ್ಬಾಕೆ ಎರಡು ಚೀಟಿಗಳ ಮೇಲೆ ಬೆರಳಿಟ್ಟಳು. “ಇವು ಮೂರ್ನೇ ರಾಶೀವಲ್ಲ ಕಣಕ್ಕ. ಎಂಗೆ ತಪ್ಪುದೆ ನೀನು?”

ಅರ್ಧ ಗಂಟೆ ವಾದ ನಡೆಯಿತು. ಒಂದನ್ನು ಅತ್ತೆ ಒಪ್ಪಿ ಬದಲಿಸಿದಳು. ಇನ್ನೊಂದು ಇದ್ದಲ್ಲೇ ಇದೆ.